ರಜೆಗೆ ಬಂದ ಮಕ್ಕಳಿಗೆ ಹಣ್ಣಿನ ಕಡ್ಡಿ: ಯಾವ ಹಣ್ಣು ನಿಲ್ಲುತ್ತದೆ, ಯಾವುದು ಜಾರುತ್ತದೆ?

ಮೇ ತಿಂಗಳು ಬಂತು ಅಂದರೆ ನಮ್ಮ ಮನೆಯಲ್ಲಿ ಚಾಪೆ ಸಾಲುವುದಿಲ್ಲ. ಚಿಕ್ಕಮಗಳೂರಿನಿಂದ ಆಲ್ದೂರು ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ತೋಟದ ಮನೆ ನಮ್ಮದು. ಹಾಸನದಿಂದ ನನ್ನ ತಮ್ಮನ ಸಂಸಾರ, ಕಡೂರಿನಿಂದ ನಾದಿನಿ, ಬೆಂಗಳೂರಿನಿಂದ ಮೈದುನ, ಅವರ ಜೊತೆ ಅವರ ಮಕ್ಕಳು, ಮಕ್ಕಳ ಜೊತೆ ಅವರ ಸ್ನೇಹಿತರು. ಎಲ್ಲ ಸೇರಿ 25 ಜನ. ಅದರಲ್ಲಿ 11 ಮಕ್ಕಳು. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವರಿಗೆ ಸಂಜೆ ನಾಲ್ಕಕ್ಕೆ ಮತ್ತೆ ಎಣ್ಣೆ ಕಾಯಿಸುವ ಮನಸ್ಸು ಎಲ್ಲಿಂದ ಬರಬೇಕು? ಹಾಗಾಗಿ ಶುರುವಾದದ್ದು ಈ ಹಣ್ಣಿನ ಕಡ್ಡಿ. ಹಣ್ಣು ಹೆಚ್ಚುವುದು, ಕಡ್ಡಿಗೆ ಪೋಣಿಸುವುದು, ಕೊಡುವುದು. ಒಲೆಯ ಹತ್ತಿರ ಹೋಗುವ ಹಾಗೇ ಇಲ್ಲ.

ಮೊದಲ ಸಲ ಮಾಡಿದಾಗ ನಮ್ಮ ಅತ್ತೆ ಜಗಲಿಯಲ್ಲಿ ಕೂತು ನೋಡಿದರು. "ಹಣ್ಣು ತಿನ್ನೋಕೂ ಕಡ್ಡಿ ಬೇಕೇನೇ? ಕೈ ಇಲ್ವಾ ನಿಮ್ಗೆಲ್ಲ?" ಅಂದರು. ಅವರ ಮಾತು ತಪ್ಪಲ್ಲ. ಆದ್ದರಿಂದ ಮೊದಲು ಆ ಪ್ರಶ್ನೆಯನ್ನೇ ನೋಡೋಣ.

ಕಡ್ಡಿಯೋ, ರಸಾಯನವೋ?

ನಮ್ಮಲ್ಲಿ ಹಣ್ಣು ಸೇರಿಸಿ ತಿನ್ನುವ ಪದ್ಧತಿ ಹೊಸದೇನಲ್ಲ. ಬಾಳೆಹಣ್ಣಿನ ರಸಾಯನ, ಮಾವಿನ ಹಣ್ಣಿನ ರಸಾಯನ, ಕಾಯಿಹಾಲು, ಬೆಲ್ಲ, ಏಲಕ್ಕಿ. ರುಚಿಯಲ್ಲಿ ರಸಾಯನವನ್ನು ಯಾವ ಕಡ್ಡಿಯೂ ಸೋಲಿಸಲಾರದು. ಇದು ನನ್ನ ಖಚಿತ ಅಭಿಪ್ರಾಯ. ಹಣ್ಣು ತುಂಬಾ ಮಾಗಿದ್ದರೆ, ರಸ ಸೋರುತ್ತಿದ್ದರೆ, ತಿನ್ನುವವರು ಎಂಟು ಹತ್ತು ಜನ ಇದ್ದು ಎಲ್ಲರೂ ಒಂದೇ ಸಲ ಕೂರುವವರಾಗಿದ್ದರೆ ರಸಾಯನ ಮಾಡಿ. ಕಡ್ಡಿಯ ಗೊಡವೆ ಬೇಡ.

ಕಡ್ಡಿ ಗೆಲ್ಲುವುದು ಬೇರೆ ಕಡೆ. ಮಕ್ಕಳು ಕೂತು ತಿನ್ನುವುದಿಲ್ಲ. ಒಬ್ಬ ಪೇರಳೆ ಮರದ ಮೇಲೆ, ಇನ್ನೊಬ್ಬಳು ಕಣದಲ್ಲಿ ಸೈಕಲ್ ಮೇಲೆ. ಬಟ್ಟಲು ಕೊಟ್ಟರೆ ಅರ್ಧ ಬಟ್ಟಲು ಕಾಫಿ ಗಿಡದ ಬುಡದಲ್ಲಿ ಸಿಗುತ್ತದೆ, ಚಮಚ ಸಿಗುವುದೇ ಇಲ್ಲ. ಕಡ್ಡಿ ಆದರೆ ಕೈಯಲ್ಲಿ ಹಿಡಿದು ಓಡಾಡಬಹುದು. (ಓಡಾಡುವ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಒಂದು ತೊಂದರೆ ಇದೆ.) ತೊಳೆಯುವ ಪಾತ್ರೆ ಇಲ್ಲ. ಪರಂಗಿ ಹಣ್ಣು ಕಂಡರೆ ಮೂಗು ಮುರಿಯುವ ಮಕ್ಕಳೂ ದ್ರಾಕ್ಷಿಯ ಪಕ್ಕದಲ್ಲಿ ಪೋಣಿಸಿದ್ದರೆ ತಿಂದುಬಿಡುತ್ತಾರೆ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬಣ್ಣ ನೋಡಿ ಹಣ್ಣು ತರಬೇಡಿ

ಎಲ್ಲರೂ ಮಾಡುವ ತಪ್ಪು ಇದು. ನಾನೂ ಮಾಡಿದ್ದೆ. ಕೆಂಪಿಗೆ ಒಂದು, ಹಳದಿಗೆ ಒಂದು, ಹಸಿರಿಗೆ ಒಂದು ಅಂತ ಕಾಮನಬಿಲ್ಲಿನ ಲೆಕ್ಕ ಹಾಕಿಕೊಂಡು ಪೇಟೆಗೆ ಹೋಗುವುದು. ಹಣ್ಣಿನ ಅಂಗಡಿಯಲ್ಲಿ ಯಾವುದಕ್ಕೆ ಬಣ್ಣ ಇಲ್ಲ ಹೇಳಿ! ಕೇಳಬೇಕಾದ ಪ್ರಶ್ನೆ ಎರಡೇ. ಚುಚ್ಚಿದರೆ ಕಡ್ಡಿಯ ಮೇಲೆ ನಿಲ್ಲುತ್ತದಾ? ಹೆಚ್ಚಿದ ಮೇಲೆ ಒಂದು ಗಂಟೆ ಅಂದಗೆಡದೆ ಇರುತ್ತದಾ? ಈ ಎರಡಕ್ಕೂ ಹೌದು ಅನ್ನುವ ಹಣ್ಣುಗಳನ್ನಷ್ಟೇ ಆರಿಸಿದರೆ ಬಣ್ಣ ತಾನಾಗಿ ಕೂಡಿಬರುತ್ತದೆ. ನಮ್ಮ ಬೇಸಿಗೆಯೇ ಹಾಗಿದೆ.

ಬೆಂಗಳೂರಿನವರು ಚಿಕ್ಕಮಗಳೂರು ತಂಪು ಅಂದುಕೊಂಡೇ ಬರುತ್ತಾರೆ. ಊರು ಸಮುದ್ರಮಟ್ಟದಿಂದ 1,000 ಮೀಟರಿಗೂ ಎತ್ತರದಲ್ಲಿದೆ, ನಿಜ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 30 ಡಿಗ್ರಿ ದಾಟುವುದು ಇಲ್ಲೂ ಇದ್ದದ್ದೇ. ಆ ಬಿಸಿಗೆ ಹೆಚ್ಚಿದ ಹಣ್ಣು ಸೋಲುತ್ತದೆ.

ಕಲ್ಲಂಗಡಿಯಿಂದ ಶುರು ಮಾಡೋಣ. ಕೆಂಪು ಬಣ್ಣಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಕಲ್ಲಂಗಡಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ಚುಚ್ಚಿದ ಕ್ಷಣದಿಂದ ಸೋರುತ್ತದೆ. ನಮ್ಮ ಎರಡನೇ ವರ್ಷದಲ್ಲಿ ಬೆಳಿಗ್ಗೆ ಹತ್ತಕ್ಕೇ ಪೋಣಿಸಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದೆ. ಸಂಜೆ ನೋಡಿದರೆ ತಟ್ಟೆ ತುಂಬಾ ಕೆಂಪು ನೀರು. ಬಿಳಿ ಕಾಯಿ ಚೂರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಣ್ಣು ಆರಿಸುವಾಗ ಪೇಟೆಯಲ್ಲಿ ಕಿರಣ್ ಅಂತ ಕರೆಯುವ ಚಿಕ್ಕ, ಕಡುಹಸಿರು ಸಿಪ್ಪೆಯ ಕಲ್ಲಂಗಡಿ ಸಿಕ್ಕರೆ ಅದನ್ನೇ ತನ್ನಿ. ಚಿಕ್ಕದಾದ್ದರಿಂದ ಒಂದೇ ಸಲಕ್ಕೆ ಮುಗಿಯುತ್ತದೆ. ಹೆಚ್ಚುವಾಗ ನಟ್ಟನಡುವಿನ ತಿರುಳು ಮತ್ತು ಸಿಪ್ಪೆಯ ಹತ್ತಿರದ ತಿರುಳನ್ನು ಕಡ್ಡಿಗೆ ಬಳಸಿ. ಬೀಜದ ಸಾಲು ಇರುವ ಭಾಗ ಮೆತ್ತಗಿರುತ್ತದೆ, ಅಲ್ಲೇ ತುಂಡು ಸೀಳುವುದು. ಅದನ್ನು ಜ್ಯೂಸಿಗೆ ಎತ್ತಿಡಿ.

ಕಿತ್ತಳೆ ಬಣ್ಣಕ್ಕೆ ಪರಂಗಿ ಮತ್ತು ಕರಬೂಜ ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ. ಕರಬೂಜದ ಪರಿಮಳ ಚೆಂದ, ಆದರೆ ಒಂದು ದಿನ ಹೆಚ್ಚು ಮಾಗಿದರೂ ಕಡ್ಡಿಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಪರಂಗಿಯಲ್ಲಿ ನಮಗೆ ಹತೋಟಿ ಜಾಸ್ತಿ. ಸಿಪ್ಪೆ ಮುಕ್ಕಾಲು ಹಳದಿಯಾಗಿ, ಇನ್ನೂ ಅಲ್ಲಲ್ಲಿ ಹಸಿರು ಪಟ್ಟೆ ಉಳಿದಿರುವಾಗ ಹೆಚ್ಚಿದರೆ ತುಂಡು ಗಟ್ಟಿಯಾಗಿ ನಿಲ್ಲುತ್ತದೆ, ಸಿಹಿಯೂ ಇರುತ್ತದೆ. ನನ್ನ ಮತ ಪರಂಗಿಗೆ.

ಹಳದಿಗೆ ಬಂದಾಗ ಅನಾನಸ್ ರಾಜ. ಗಟ್ಟಿ, ಜಾರುವುದಿಲ್ಲ, ಹೆಚ್ಚಿಟ್ಟರೂ ಕಪ್ಪಾಗುವುದಿಲ್ಲ. ಒಂದೇ ದೂರು, ನಾಲಿಗೆ ಉರಿ. ಅನಾನಸಿನಲ್ಲಿರುವ ಬ್ರೋಮೆಲಿನ್ ಅನ್ನುವ ಕಿಣ್ವ ಪ್ರೋಟೀನನ್ನು ಒಡೆಯುವಂಥದ್ದು, ನಾಲಿಗೆಯ ಮೇಲೂ ಅದೇ ಕೆಲಸ ಮಾಡುತ್ತದೆ. ಹೆಚ್ಚಿದ ತುಂಡನ್ನು ಉಪ್ಪು ನೀರಲ್ಲಿ ಹತ್ತು ನಿಮಿಷ ಹಾಕಿ ಬಸಿದರೆ ಉರಿ ಕಡಿಮೆಯಾಗುತ್ತದೆ, ಹುಳಿಯೂ ಸ್ವಲ್ಪ ತಗ್ಗಿದ ಹಾಗೆ ಅನ್ನಿಸುತ್ತದೆ. ನಡುವಿನ ಗಟ್ಟಿ ದಿಂಡನ್ನು ತೆಗೆದುಹಾಕಿ. ಮಕ್ಕಳು ಅದನ್ನು ಅಗಿದು ಅಗಿದು ಉಗಿಯುತ್ತಾರೆ.

ಮಾವಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲರೂ ಎಡವುವುದು ಇಲ್ಲೇ. ರಸಪುರಿ ಹೆಸರಲ್ಲೇ ರಸ ಇಟ್ಟುಕೊಂಡ ಹಣ್ಣು. ಅದರ ಜಾಗ ಬಟ್ಟಲು, ಸೀಕರಣೆ, ಇಲ್ಲವೇ ನೇರ ಬಾಯಿ. ಕಡ್ಡಿಗೆ ಚುಚ್ಚಿದರೆ ಮೊಣಕೈವರೆಗೆ ಇಳಿಯುತ್ತದೆ. ಬಾದಾಮಿ ಇದಕ್ಕಿಂತ ಗಟ್ಟಿ, ತಿರುಳು ನಯ. ಸ್ವಲ್ಪ ಬಿರುಸಾಗಿರುವಾಗಲೇ ಹೆಚ್ಚಿದರೆ ಕಡ್ಡಿಯ ಮೇಲೆ ನಿಲ್ಲುತ್ತದೆ. ಆದರೆ ಬೆಲೆ ನೋಡಿದರೆ 25 ಜನರಿಗೆ ಬಾದಾಮಿ ಹೆಚ್ಚಲು ನನಗಂತೂ ಕೈ ಬರುವುದಿಲ್ಲ. ಮಲಗೋವಾ ದೊಡ್ಡ ಹಣ್ಣು, ಮೃದು. ಅದನ್ನು ಹಿರಿಯರಿಗೆ ತಟ್ಟೆಯಲ್ಲಿ ಹೋಳು ಮಾಡಿಕೊಡಿ. ಕಡ್ಡಿಗೆ ಹೇಳಿ ಮಾಡಿಸಿದ್ದು ತೋತಾಪುರಿ, ನಮ್ಮ ಗಿಣಿಮೂತಿ. ಹಣ್ಣು ತಿನ್ನುವವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸಿಹಿ ಕಡಿಮೆ ಅನ್ನುತ್ತಾರೆ. ಸರಿ. ಆದರೆ ತಿರುಳು ಗಟ್ಟಿ, ಓಟೆ ಚಪ್ಪಟೆ, ಎರಡು ಕಡೆಯಿಂದ ಉದ್ದ ಕೆನ್ನೆ ಕೊಯ್ದರೆ ಚೌಕ ತುಂಡು ಸಲೀಸಾಗಿ ಬರುತ್ತದೆ. ಪಕ್ಕದಲ್ಲಿ ಪರಂಗಿ, ದ್ರಾಕ್ಷಿ ಸಿಹಿ ಇರುವಾಗ ಅದರ ಹುಳಿಯೇ ಬೇಕು ಅನ್ನಿಸುತ್ತದೆ. ತೊಟ್ಟಿನ ಹತ್ತಿರದ ಸೊನೆ ಮಾತ್ರ ಚೆನ್ನಾಗಿ ತೊಳೆಯಿರಿ. ತುಟಿಗೆ ತಾಗಿದರೆ ಉರಿಯುತ್ತದೆ, ಕೆಲವರಿಗೆ ಗುಳ್ಳೆಯೂ ಏಳುತ್ತದೆ.

ಏಪ್ರಿಲ್ ಮೊದಲಲ್ಲೇ ಪೂರ್ತಿ ಹಳದಿಯಾಗಿ ಹೊಳೆಯುವ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲದ ಮಾವು ಕಂಡರೆ ನಾನು ಮುಂದೆ ಹೋಗುತ್ತೇನೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ನಿಷೇಧ ಇದೆ. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು, ಆದ್ದರಿಂದ ಮೂಗನ್ನು ನಂಬುವುದೇ ಮೇಲು. ಇನ್ನೂ ಒಳ್ಳೆಯದು, ಗಟ್ಟಿ ಕಾಯಿ ತಂದು ಮನೆಯಲ್ಲೇ ಭತ್ತದ ಹುಲ್ಲಿನಲ್ಲಿ ಹುದುಗಿಸಿಡುವುದು.

ಮಲೆನಾಡಿನವರು ಮರೆಯುವ ಇನ್ನೊಂದು ಹಳದಿ ಇದೆ. ಹಲಸು. ಅಂಬಲಿ ಹಲಸು ಕಡ್ಡಿಗಲ್ಲ, ಬಾಯಿಗೆ ಹಾಕಿದರೆ ಗಂಟಲಿಗೆ ಜಾರುವ ಹಣ್ಣು ಅದು. ಆದರೆ ಬಕ್ಕೆ ಹಲಸಿನ ತೊಳೆ! ಬೀಜ ತೆಗೆದು, ಉದ್ದಕ್ಕೆ ಎರಡು ಸೀಳು ಮಾಡಿ, ಸುರುಳಿ ಸುತ್ತಿ ಚುಚ್ಚಿದರೆ ಹೂವಿನ ಹಾಗೆ ಕೂರುತ್ತದೆ. ಕಪ್ಪಾಗುವುದಿಲ್ಲ, ಸೋರುವುದಿಲ್ಲ. ಅಂಗಡಿಯ ಯಾವ ಹಣ್ಣೂ ಇಷ್ಟು ಚೆನ್ನಾಗಿ ಕಡ್ಡಿ ಹಿಡಿದದ್ದನ್ನು ನಾನು ನೋಡಿಲ್ಲ. ತೊಂದರೆ ಎರಡು. ಮೇಣ, ಅದಕ್ಕೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ. ಇನ್ನೊಂದು ವಾಸನೆ. ಫ್ರಿಜ್ಜಲ್ಲಿ ಮುಚ್ಚದೆ ಇಟ್ಟರೆ ಮರುದಿನದ ಹಾಲೂ ಹಲಸು, ಬೆಣ್ಣೆಯೂ ಹಲಸು.

ಹಸಿರಿಗೆ ಕಿವಿ ಹಣ್ಣು ತರುವವರಿದ್ದಾರೆ. ತರಲಿ. ದೂರದಿಂದ ಬಂದ ಹಣ್ಣು, ದುಡ್ಡೂ ಹಾಗೇ. ನಾನು ಬೀಜವಿಲ್ಲದ ಹಸಿರು ದ್ರಾಕ್ಷಿ ಹಾಕುತ್ತೇನೆ. ಮೇ ಹೊತ್ತಿಗೆ ಅದರ ಕಾಲ ಮುಗಿಯುತ್ತಾ ಬಂದಿರುತ್ತದೆ, ಸಿಗದಿದ್ದರೆ ಸೀಬೆ. ಇದನ್ನು ತವರಲ್ಲಿ ನಾವು ಸೀಬೆಕಾಯಿ ಅನ್ನುತ್ತೇವೆ, ಗಂಡನ ಮನೆಯಲ್ಲಿ ಪೇರಳೆ. ಮದುವೆಯಾಗಿ ಇಷ್ಟು ವರ್ಷವಾದರೂ ಈ ವಾದ ಮುಗಿದಿಲ್ಲ. ಹೆಸರು ಏನೇ ಇರಲಿ, ಸಿಪ್ಪೆ ಸಮೇತ ಹೆಚ್ಚಿದರೆ ಕಡ್ಡಿಯಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ಅದಕ್ಕಿಂತ ಗಟ್ಟಿ ಬೇಕಾದರೆ ಮಾವಿನಕಾಯಿ. ತೆಳ್ಳಗೆ ಒಂದೇ ಒಂದು ಚೂರು, ಕಡ್ಡಿಯ ಬುಡಕ್ಕೆ. ಮೇಲಿನದೆಲ್ಲ ಜಾರದ ಹಾಗೆ ಅದು ತಡೆಯುತ್ತದೆ.

ನೇರಳೆ ಬಣ್ಣಕ್ಕೆ ಕಪ್ಪು ದ್ರಾಕ್ಷಿ. ಇಲ್ಲೂ ಒಂದು ವ್ಯತ್ಯಾಸ ಗೊತ್ತಿರಲಿ. ಬೆಂಗಳೂರು ಬ್ಲೂ ಅನ್ನುವ ಗುಂಡು ದ್ರಾಕ್ಷಿಗೆ ಪರಿಮಳ ಜೋರು, ಆದರೆ ಬೀಜ ಇದೆ, ಚುಚ್ಚಿದರೆ ಸಿಪ್ಪೆ ಒಂದು ಕಡೆ ತಿರುಳು ಒಂದು ಕಡೆ. ಉದ್ದನೆಯ ಬೀಜವಿಲ್ಲದ ಕಪ್ಪು ದ್ರಾಕ್ಷಿಯೇ ಸರಿ. ನೇರಳೆ ಹಣ್ಣು ಬರುವುದು ಮಳೆಗಾಲದ ಬಾಗಿಲಲ್ಲಿ. ಬಂದರೂ ಅದನ್ನು ಕೈಯಲ್ಲಿ ತಿಂದು ನಾಲಿಗೆ ತೋರಿಸುವುದೇ ಮಜಾ.

ಬಿಳಿಗೆ ತೆಂಗಿನಕಾಯಿ ಚೂರು. ಅರಸೀಕೆರೆ, ತಿಪಟೂರು ಕಡೆ ನಂಟರಿದ್ದವರ ಮನೆಯಲ್ಲಿ ಕಾಯಿಗೆ ಏನು ಬರ? ಬೆನ್ನಿನ ಕಂದು ಸಿಪ್ಪೆ ಹೆರೆದು ತೆಳ್ಳಗೆ ಹೋಳು ಮಾಡಿ. ಅನಾನಸ್ ಪಕ್ಕದಲ್ಲಿ ಇಟ್ಟರೆ ರುಚಿ ಬೇರೆಯೇ ಆಗುತ್ತದೆ.

ಬೇಡವಾದವು: ಸೇಬು, ಬಾಳೆ, ಬೆಣ್ಣೆಹಣ್ಣು, ಸಪೋಟ. ಸೇಬು ಮತ್ತು ಬಾಳೆ ಗಾಳಿ ತಾಗಿದರೆ ಕಂದಾಗುತ್ತವೆ. ನಿಂಬೆರಸ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಆದರೆ ಬಾಳೆಹಣ್ಣಿಗೆ ನಿಂಬೆ ನನಗೆ ಸೇರುವುದಿಲ್ಲ. ಬಾಳೆ ಹಾಕಲೇಬೇಕು ಅಂದರೆ ಏಲಕ್ಕಿ ಬಾಳೆ ಅಥವಾ ನೇಂದ್ರ, ಅದೂ ಕೊಡುವ ಹೊತ್ತಿಗೆ ಹೆಚ್ಚಿ. ಪಚ್ಚಬಾಳೆ ಬೇಡ. ನಮ್ಮ ತೋಟದಲ್ಲೇ ಬೆಣ್ಣೆಹಣ್ಣಿನ ಮರ ಇದೆ, ಅದರ ಮೇಲೆ ನನಗೆ ಪ್ರೀತಿಯೂ ಇದೆ, ಆದರೂ ಹೇಳುತ್ತೇನೆ, ಅದು ಜ್ಯೂಸಿಗೆ.

ಕಡ್ಡಿ ಯಾವುದು?

ಬಿದಿರಿನ ಕಡ್ಡಿ ಪೇಟೆಯಲ್ಲಿ ಆರು, ಎಂಟು, ಹತ್ತು, ಹನ್ನೆರಡು ಇಂಚಿನ ಅಳತೆಗಳಲ್ಲಿ ಸಿಗುತ್ತದೆ. ಮನೆಗೆ ಎಂಟು ಇಂಚು ಸಾಕು. ಹನ್ನೆರಡು ಇಂಚಿನದಕ್ಕೆ ಹತ್ತು ಹಣ್ಣು ಹಿಡಿಸುತ್ತದೆ, ನೋಡಲು ಭರ್ಜರಿ, ಆದರೆ ಮಗು ಆರನೇ ತುಂಡಿಗೆ ಬೇಜಾರಾಗಿ ಬಿಟ್ಟು ಓಡುತ್ತದೆ. ಕೆಂಡದ ಮೇಲೆ ಸುಡುವವರು ಕಡ್ಡಿ ಸುಟ್ಟುಹೋಗದಿರಲಿ ಅಂತ ನೆನೆಸುತ್ತಾರೆ. ನಮಗೆ ಆ ಕೆಲಸ ಇಲ್ಲ. ತೊಳೆದು, ಒರೆಸಿ, ಸಿಬಿರು ಇದೆಯಾ ಅಂತ ಬೆರಳಾಡಿಸಿ ನೋಡಿದರೆ ಆಯಿತು. ಪೋಣಿಸಿದ ಮೇಲೆ ಚೂಪು ತುದಿಯನ್ನು ಕತ್ತರಿಯಿಂದ ಕತ್ತರಿಸಿಬಿಡಿ. ಮಕ್ಕಳು ಓಡುತ್ತಾರೆ ಅಂದೆನಲ್ಲ, ತೊಂದರೆ ಅದೇ. ಕಡ್ಡಿ ಬಾಯಲ್ಲಿರುವಾಗ ಕೂತೇ ತಿನ್ನಬೇಕು ಅನ್ನುವ ಕಾನೂನು ನಮ್ಮಲ್ಲಿ ಇದೆ. ಪಾಲಿಸುವವರು ಅರ್ಧ ಜನ. ಅದಕ್ಕೇ ಕತ್ತರಿ.

ಟೂತ್‌ಪಿಕ್ ಎರಡು ತುಂಡಿಗೆ ಸರಿ. ಹಿರಿಯರು ಕಾಫಿಯ ಮೊದಲು ಒಂದೆರಡು ಬಾಯಿಗೆ ಹಾಕಿಕೊಳ್ಳಲು ಚೆಂದ. ಮಕ್ಕಳಿಗೆ ಬೇಡ, ಕಳೆದುಹೋಗುವುದು ಬಲು ಬೇಗ. ಸ್ಟೀಲ್ ಕಡ್ಡಿ ತೊಳೆದು ಮತ್ತೆ ಬಳಸಬಹುದು, ಆದರೆ ನುಣುಪು ಜಾಸ್ತಿ, ಹಣ್ಣು ಗಿರಗಿರ ತಿರುಗುತ್ತದೆ. ಐಸ್‌ಕ್ಯಾಂಡಿ ಕಡ್ಡಿ ಮೊಂಡು. ದ್ರಾಕ್ಷಿಗೆ ಇಳಿಯುವುದಿಲ್ಲ. ಆದರೆ ಕಲ್ಲಂಗಡಿಯನ್ನು ಸಿಪ್ಪೆ ಸಮೇತ ತ್ರಿಕೋನ ಹೋಳು ಮಾಡಿ, ಸಿಪ್ಪೆಗೆ ಚಾಕುವಿನಿಂದ ಸಣ್ಣ ಸೀಳು ಕೊಟ್ಟು ಕಡ್ಡಿ ಸಿಕ್ಕಿಸಿದರೆ ಸಣ್ಣ ಮಕ್ಕಳ ಪಾಲಿಗೆ ಅದೇ ಐಸ್‌ಕ್ಯಾಂಡಿ. ನಾಲ್ಕೈದು ವರ್ಷದವರಿಗೆ ಇದೇ ನನ್ನ ಮೊದಲ ಆಯ್ಕೆ.

ಇನ್ನು ತೆಂಗಿನ ಗರಿಯ ಕಡ್ಡಿ. ನಮ್ಮದೇ, ದುಡ್ಡಿಲ್ಲ, ಮಣ್ಣಿಗೆ ಮಣ್ಣಾಗುತ್ತದೆ ಅಂತ ನಾನೂ ಬಹಳ ಹುರುಪಿನಿಂದ ಹಸಿ ಗರಿ ಸೀಳಿ ಕಡ್ಡಿ ಮಾಡಿದ್ದೆ. ಬಾಗುತ್ತದೆ! ನಾಲ್ಕು ತುಂಡು ಏರಿಸಿದರೆ ಗಾಳದ ಕೋಲಿನ ಹಾಗೆ ತಲೆ ತಗ್ಗಿಸುತ್ತದೆ. ದ್ರಾಕ್ಷಿಗೆ, ಕಾಯಿ ಚೂರಿಗೆ ಓಕೆ, ಉಳಿದದ್ದಕ್ಕೆ ಅಲ್ಲ. ಒಣಗಿದ ಪೊರಕೆಯಿಂದ ಹಂಚಿಕಡ್ಡಿ ಎಳೆದು ತರುವ ಬುದ್ಧಿವಂತ ಮಗು ಎಲ್ಲ ಮನೆಯಲ್ಲೂ ಒಂದು ಇರುತ್ತದೆ, ಆ ಕಡೆ ಒಂದು ಕಣ್ಣಿರಲಿ.

ಹಾಗೇ ಒಂದು ಗಂಭೀರ ಮಾತು. ಕಡ್ಡಿ ಸಾಲದಿದ್ದಾಗ ಮಕ್ಕಳು ಅಂಗಳದಿಂದ ರೆಂಬೆ ಮುರಿದು ತರುತ್ತಾರೆ. ಕಣಗಿಲೆ ನಮ್ಮ ಎಲ್ಲ ಮನೆಗಳ ಮುಂದೆ ಇರುತ್ತದೆ, ನೆಟ್ಟಗೆ ನಯವಾದ ಕಡ್ಡಿ. ಅದರ ಎಲೆ, ಕಾಂಡ, ಹೂವು ಎಲ್ಲವೂ ವಿಷ. ಕಾಫಿ ಗಿಡದ ಕಡ್ಡಿಯೂ ಬೇಡ. ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಮೈಲುತುತ್ತ ಹಾಕಿದ ಔಷಧಿ ಅದು. ಪೇಟೆಯಿಂದ ಒಂದು ಕಟ್ಟು ಹೆಚ್ಚು ತಂದಿಡುವುದು ಸುಲಭ.

ಪೋಣಿಸುವ ಕ್ರಮ

ಬುಡದಲ್ಲಿ ಗಟ್ಟಿ, ನಡುವೆ ಮೆತ್ತಗೆ, ತುದಿಯಲ್ಲಿ ಮತ್ತೆ ಗಟ್ಟಿ. ಇಷ್ಟೇ. ನನ್ನ ಕಡ್ಡಿ ಹೀಗಿರುತ್ತದೆ: ಮಾವಿನಕಾಯಿ ಚೂರು, ಅನಾನಸ್, ಪರಂಗಿ, ಹಸಿರು ದ್ರಾಕ್ಷಿ, ಕಲ್ಲಂಗಡಿ, ಕಪ್ಪು ದ್ರಾಕ್ಷಿ. ಕಲ್ಲಂಗಡಿಯ ಎರಡು ಪಕ್ಕಕ್ಕೂ ದ್ರಾಕ್ಷಿ ಇದ್ದರೆ ಅದು ಗೋಡೆಯ ಹಾಗೆ ನಿಂತು ಕೆಂಪು ನೀರು ಪಕ್ಕದ ಹಣ್ಣಿಗೆ ಹತ್ತದಂತೆ ತಡೆಯುತ್ತದೆ. ಹಲಸು ಸಿಕ್ಕ ದಿನ ಪರಂಗಿಗೆ ರಜೆ. ತುಂಡು ಎಲ್ಲವೂ ಒಂದೇ ಅಳತೆ, ಸುಮಾರು ಒಂದು ಇಂಚು. ತುಂಡಿನ ನಟ್ಟನಡುವೆ, ನಾರಿಗೆ ಅಡ್ಡಲಾಗಿ ಚುಚ್ಚಿ. ನಾರಿನ ಉದ್ದಕ್ಕೆ ಚುಚ್ಚಿದರೆ ಸೀಳುತ್ತದೆ, ಅನಾನಸ್ ಮತ್ತು ಮಾವಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಲೆಕ್ಕ ಕೇಳುವವರಿಗೆ: 25 ಜನಕ್ಕೆ ತಲಾ ಎರಡರಂತೆ 50 ಕಡ್ಡಿ, ಕಡ್ಡಿಗೆ ಆರರಂತೆ 300 ತುಂಡು. ಮೂರು ಕೆಜಿಯ ಒಂದು ಕಲ್ಲಂಗಡಿ, ಒಂದು ದೊಡ್ಡ ಅನಾನಸ್, ಒಂದೂವರೆ ಕೆಜಿಯ ಪರಂಗಿ, ಎರಡೂ ಬಣ್ಣದ ದ್ರಾಕ್ಷಿ ಸೇರಿ ಮುಕ್ಕಾಲು ಕೆಜಿ, ಮಾವಿನಕಾಯಿ ಎರಡು. ನಮಗೆ ಇಷ್ಟು ಸಾಕಾಗುತ್ತದೆ. ಹೆಚ್ಚುವಾಗ ಬಾಯಿಗೆ ಹೋಗುವುದನ್ನು ಸೇರಿಸಿಯೇ ಹೇಳಿದ್ದು.

ಬೆಳಿಗ್ಗೆಯೇ ಮಾಡಿಡಬಹುದಾ?

ಹಿಂದಿನ ರಾತ್ರಿ ಮಾಡಿಡುವುದು, ಬೆಳಿಗ್ಗೆ ಹೆಚ್ಚಿಟ್ಟು ಸಂಜೆ ಪೋಣಿಸುವುದು, ಕೊಡುವ ಅರ್ಧ ಗಂಟೆ ಮುಂಚೆ ಎಲ್ಲ ಒಟ್ಟಿಗೆ ಮಾಡುವುದು. ಮೂರನ್ನೂ ಮಾಡಿ ನೋಡಿದ್ದೇನೆ. ಮೊದಲನೆಯದು ಬೇಡವೇ ಬೇಡ. ಎರಡನೆಯದು ಫ್ರಿಜ್ಜು ಮತ್ತು ಕರೆಂಟು ಎರಡನ್ನೂ ನಂಬುವವರಿಗೆ. ಮೇ ತಿಂಗಳ ಮಧ್ಯಾಹ್ನ ಗುಡುಗು ಶುರುವಾದರೆ ನಮ್ಮಲ್ಲಿ ಕರೆಂಟು ಹೋಯಿತು ಅಂತಲೇ ಅರ್ಥ. ಒಂದು ವರ್ಷ ಹಾಗೇ ಆಗಿ, ಎರಡು ಡಬ್ಬಿ ಹೆಚ್ಚಿದ ಕರಬೂಜ ಹಸುವಿನ ಪಾಲಾಯಿತು. ಹೆಚ್ಚಿದ ಹಣ್ಣನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ಮೀರಿದ ಬಿಸಿಯಲ್ಲಿ ಒಂದೇ ಗಂಟೆ. ಕಲ್ಲಂಗಡಿ, ಕರಬೂಜದಂಥ ಹುಳಿ ಇಲ್ಲದ ಹಣ್ಣಿನಲ್ಲಿ ಕ್ರಿಮಿ ಬೇಗ ಬೆಳೆಯುತ್ತದೆ. ಒದ್ದೆ ಬಟ್ಟೆ ಸುತ್ತಿದ ಮಡಕೆ ನೀರನ್ನು ತಣ್ಣಗಿಡುತ್ತದೆ, ಆದರೆ ಹೆಚ್ಚಿದ ಹಣ್ಣು ಕಾಯುವಷ್ಟು ತಂಪು ಅದಕ್ಕಿಲ್ಲ.

ಹಾಗಾಗಿ ನನ್ನದು ಮೂರನೆಯ ದಾರಿ, ಸ್ವಲ್ಪ ಬದಲಾವಣೆಯೊಂದಿಗೆ. ಇಡೀ ಹಣ್ಣನ್ನು ಬೆಳಿಗ್ಗೆಯೇ ತೊಳೆದು ತಣ್ಣಗಿಡುವುದು. ಹಿಂದೆ ಕಲ್ಲಂಗಡಿಯನ್ನು ಹಗ್ಗ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು, ಈಗ ನಾವು ತೊಟ್ಟಿಯ ನೀರಲ್ಲಿ ಬಿಡುತ್ತೇವೆ. ಮೇಲೆತ್ತಿದ ಮೇಲೆ ಕುಡಿಯುವ ನೀರಲ್ಲಿ ಇನ್ನೊಮ್ಮೆ ತೊಳೆಯಬೇಕು. ಸಿಪ್ಪೆ ತೆಗೆಯುತ್ತೇವಲ್ಲ ಅಂತ ತೊಳೆಯದೆ ಬಿಡಬೇಡಿ, ಚಾಕು ಸಿಪ್ಪೆಯ ಕೊಳೆಯನ್ನು ತಿರುಳಿಗೆ ದಾಟಿಸುತ್ತದೆ. ಮೂರೂವರೆಗೆ ದೊಡ್ಡವರು ಹೆಚ್ಚಲು ಕೂರುತ್ತೇವೆ, ಮಕ್ಕಳು ಪೋಣಿಸಲು. ನಾಲ್ಕೂ ಕಾಲಿಗೆ ತಿನ್ನುವುದು ಶುರು. ಪೋಣಿಸುವ ಕೆಲಸ ಮಕ್ಕಳಿಗೆ ಕೊಟ್ಟರೆ ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ. ನಮ್ಮ ತಮ್ಮನ ಮಗ ಆರಕ್ಕೆ ಆರೂ ದ್ರಾಕ್ಷಿ ಪೋಣಿಸಿ, "ಅತ್ತೆ, ಇದು ರೈಲು" ಅಂದ.

ಮಾಂಸ, ಈರುಳ್ಳಿ ಹೆಚ್ಚುವ ಹಲಗೆಯಲ್ಲಿ ಹಣ್ಣು ಹೆಚ್ಚಬೇಡಿ. ಒಂದಕ್ಕೆ ಆರೋಗ್ಯದ ಕಾರಣ, ಇನ್ನೊಂದಕ್ಕೆ ವಾಸನೆ. ಅನಾನಸಿಗೆ ಈರುಳ್ಳಿ ಘಾಟು ಹತ್ತಿದರೆ ಬಿಡುವುದೇ ಇಲ್ಲ.

ಅದ್ದಿಕೊಳ್ಳಲು ಏನು?

ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಜೇನು ಮತ್ತು ಏಲಕ್ಕಿ ಪುಡಿ ಕಲಸಿದರೆ ಪರಂಗಿಗೂ ಮಾವಿಗೂ ಸೊಗಸು. ಆದರೆ ಅನಾನಸನ್ನು ಮೊಸರಲ್ಲಿ ಕಲಸಿ ಇಡಬಾರದು. ಅದೇ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಕಿವಿ ಹಣ್ಣೂ ಹಾಗೇ. ಅದ್ದಿ ಆಗಲೇ ತಿಂದರೆ ಏನೂ ತೊಂದರೆ ಇಲ್ಲ. ಜೇನು ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಲೂ ಬೇಡ, ಅಜ್ಜಿಯರು ಎಷ್ಟೇ ಹೇಳಲಿ.

ಜೋನಿ ಬೆಲ್ಲ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕಾಯಿಸುವ ಕೆಲಸವಿಲ್ಲದ ಪಾಕ. ಕಾಯಿ ಚೂರು, ಅನಾನಸ್, ಸ್ವಲ್ಪ ಹುಳಿ ಇರುವ ತೋತಾಪುರಿ, ಈ ಮೂರಕ್ಕೂ ಜೋನಿ ಬೆಲ್ಲದ ಮುಂದೆ ಅಂಗಡಿಯ ಚಾಕೊಲೇಟ್ ಸಾಸ್ ಸಪ್ಪೆ. ಬೆಂಗಳೂರಿನ ಮಕ್ಕಳು ಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ಬಟ್ಟಲು ನೆಕ್ಕುತ್ತಾರೆ.

ಆದರೂ ನನ್ನ ಮನಸ್ಸು ಉಪ್ಪು ಮತ್ತು ಕಾಳುಮೆಣಸಿನ ಕಡೆ. ಮನೆಯದೇ ಮೆಣಸನ್ನು ತರಿತರಿಯಾಗಿ ಕುಟ್ಟಿ ಉಪ್ಪಿನ ಜೊತೆ ಬೆರೆಸಿ ಅನಾನಸ್ ಮೇಲೆ ಉದುರಿಸಿ ನೋಡಿ. ಕಲ್ಲಂಗಡಿಗೂ ಆಗುತ್ತದೆ. ಸೀಬೆಗೆ ಮಾತ್ರ ಖಾರದ ಪುಡಿಯೇ ಸರಿ. ಉಪ್ಪು ಹಾಕಿಟ್ಟರೆ ಹಣ್ಣು ನೀರು ಬಿಡುತ್ತದೆ, ಅದಕ್ಕೆ ಕಡ್ಡಿ ಕೈಗೆ ಕೊಡುವಾಗಲೇ ಉದುರಿಸಬೇಕು. ಸಣ್ಣ ತಟ್ಟೆಯಲ್ಲಿ ಪಕ್ಕಕ್ಕಿಟ್ಟರೆ ಇನ್ನೂ ಸುಲಭ.

ಜೋಡಿಸುವುದು

ಅರ್ಧ ಕಲ್ಲಂಗಡಿ ಸಿಪ್ಪೆಯನ್ನು ಬೋರಲು ಹಾಕಿ ಅದಕ್ಕೆ ಕಡ್ಡಿ ಚುಚ್ಚಿ ಮುಳ್ಳುಹಂದಿ ಮಾಡುವುದು ಎಲ್ಲರಿಗೂ ಗೊತ್ತು. ಚೆನ್ನಾಗಿರುತ್ತದೆ, ಆದರೆ 50 ಕಡ್ಡಿ ಹಿಡಿಸುವುದಿಲ್ಲ, ನಿಂತ ಕಡ್ಡಿಯಿಂದ ರಸ ಇಳಿದು ಹಿಡಿ ಅಂಟಾಗುತ್ತದೆ. ಎರಡು ಅಡಿ ಉದ್ದದ ಬಾಳೆದಿಂಡು ಇದಕ್ಕಿಂತ ಮೇಲು. ತಳ ಸ್ವಲ್ಪ ಚಪ್ಪಟೆ ಮಾಡಿದರೆ ಉರುಳುವುದಿಲ್ಲ, ಓರೆಯಾಗಿ ಎಷ್ಟು ಬೇಕಾದರೂ ಚುಚ್ಚಬಹುದು. ಬಾಳೆಯ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಕೊಯ್ದ ತುದಿಯನ್ನು ಒರೆಸಿ ಎಲೆ ಸುತ್ತಿಡಿ. ಎರಡೂ ಬೇಡ ಅಂದರೆ ಬಾಳೆ ಎಲೆ ಹಾಸಿ ಕಡ್ಡಿಗಳನ್ನು ಸುಮ್ನೆ ಮಲಗಿಸಿ. ಹಸಿರು ಎಲೆಯ ಮೇಲೆ ಕೆಂಪು, ಹಳದಿ ಎದ್ದು ಕಾಣುತ್ತದೆ. ನೊಣ ಬರದ ಹಾಗೆ ತೆಳು ಬಟ್ಟೆ ಮುಚ್ಚುವುದಕ್ಕೂ ಇದೇ ಸುಲಭ.

ಐದು ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಇಡಿಯಾಗಿ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ ಅದು. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಕಡ್ಡಿ ಇಲ್ಲದೆ ತಟ್ಟೆಯಲ್ಲಿ ಕೊಡಿ. ಗಟ್ಟಿ ಕಾಯಿ ಚೂರು, ಸೀಬೆ ತುಂಡೂ ಅವರಿಗೆ ಬೇಡ. ಹಿರಿಯರ ಪೈಕಿ ಹಲ್ಲಿನ ತೊಂದರೆ ಇದ್ದವರಿಗೂ ಕಡ್ಡಿ ಕಿರಿಕಿರಿ. ನಮ್ಮ ಅತ್ತೆ ಕಡ್ಡಿಯಿಂದ ಒಂದೊಂದೇ ಹಣ್ಣನ್ನು ಕಳಚಿ ತಟ್ಟೆಗೆ ಹಾಕಿಕೊಂಡು, ಮೇಲೆ ಜೋನಿ ಬೆಲ್ಲ ಸುರಿದುಕೊಂಡು ತಿನ್ನುತ್ತಾರೆ. ಅದು ರಸಾಯನವೇ ಆಯಿತಲ್ಲ ಅಂದರೆ ನಗುತ್ತಾರೆ.

ಉಳಿದರೆ ಅದೇ ರಾತ್ರಿ ಕಡ್ಡಿಯಿಂದ ತೆಗೆದು ಜ್ಯೂಸ್ ಮಾಡಿ ಮುಗಿಸಿ. ನಾಳೆಗೆ ಇಡಬೇಡಿ.

ಕೊನೆಯ ಕೆಲಸ, ಕಡ್ಡಿ ಎಣಿಸುವುದು. ಹಸು ಸಾಕಿದ ಮನೆಯವರಿಗೆ ಇದು ಮುಖ್ಯ. ಸಿಪ್ಪೆಯೆಲ್ಲ ಕಲಗಚ್ಚಿನ ಬಕೆಟ್ಟಿಗೆ ಹೋಗುತ್ತದೆ, ಅದರ ಜೊತೆ ಬಿದಿರು ಕಡ್ಡಿ ಹೋದರೆ ಹಸುವಿನ ಗಂಟಲಿಗೂ ಹೊಟ್ಟೆಗೂ ಅಪಾಯ. 50 ಕೊಟ್ಟಿದ್ದರೆ 50 ವಾಪಸ್ ಬರಬೇಕು. ಹೋದ ವರ್ಷ 48 ಬಂತು. ಬಕೆಟ್ ಕವುಚಿ ಹುಡುಕಿದೆವು, ಕೊಟ್ಟಿಗೆಯಲ್ಲಿ ಹುಡುಕಿದೆವು. ಮೈದುನನ ಮಗಳು ಬಂದು ನನ್ನ ಸೆರಗು ಎಳೆದಳು. "ದೊಡ್ಡಮ್ಮ, ಎರಡು ನನ್ ಹತ್ರ ಇದೆ." ಗುಲಾಬಿ ಕುಂಡದಲ್ಲಿ ಎರಡನ್ನೂ ನೆಟ್ಟು ನೀರು ಹಾಕಿದ್ದಳು, ದ್ರಾಕ್ಷಿ ಬರುತ್ತದೆ ಅಂತ.